ನೋಟಿಸಿನ ಕೊನೆಯ ದಿನ

— ನಾಲ್ಕು ಹೋಟೆಲು, ನಾಲ್ಕು ಕರಾರು. ಇದನ್ನು ನೆನಪಿಟ್ಟುಕೊಳ್ಳಲು ಕಂಪ್ಯೂಟರು ಯಾಕೆ? ಚೆಂಬೂರು ಸ್ಟೇಷನ್ ಹತ್ತಿರದ್ದು 2027ರ ಮಾರ್ಚಿಗೆ ಮುಗಿಯುತ್ತದೆ. ಚೆಂಬೂರು ಕ್ಯಾಂಪಿನದ್ದು ಅದರ ಮರುವರ್ಷ. ಗೋವಂಡಿ ರಸ್ತೆಯ ಕಾಗದ ಕಪಾಟಿನಲ್ಲಿದೆ, ನೋಡಿ ಹೇಳಬೇಕು. ಸಾಯನಿನದು ಪಗಡಿ, ಮೊದಲೇ ದೊಡ್ಡ ಮೊತ್ತ ಕೊಟ್ಟು ಪಡೆದ ಹಳೆಯ ಬಾಡಿಗೆ ಹಕ್ಕು, ಅದಕ್ಕೆ ಮುಗಿಯುವುದು ಅಂತಲೇ ಇಲ್ಲ.

— ಮಾವ, ನೀವು ಹೇಳಿದ್ದು ಮುಗಿಯುವ ದಿನ. ನಾನು ಕೇಳುವುದು ಬೇರೆ. ಸ್ಟೇಷನ್ ಹತ್ತಿರದ ಜಾಗ ಇನ್ನೊಂದು ಅವಧಿಗೆ ಬೇಕು ಅಂತ ಮಾಲೀಕರಿಗೆ ಬರೆದುಕೊಡಲು ಕೊನೆಯ ದಿನ ಯಾವುದು?

— ಮಾರ್ಚಿಗೆ ಮುಂಚೆ ಹೇಳಿದರಾಯಿತು.

— ಕರಾರಿನಲ್ಲಿ ಹಾಗಿಲ್ಲ. ಆರು ತಿಂಗಳು ಮುಂಚೆ, ಬರವಣಿಗೆಯಲ್ಲಿ ಅಂತಿದೆ. ಅಂದರೆ 2026ರ ಸೆಪ್ಟೆಂಬರ್ 30. ಆವತ್ತಿನವರೆಗೆ ಮುಂದುವರಿಸುವುದು ನಿಮ್ಮ ಹಕ್ಕು. ಅಕ್ಟೋಬರ್ 1ರಿಂದ ಅದು ಮಾಲೀಕರ ಮರ್ಜಿ.

— ಒಂದು ದಿನ ತಡವಾದರೆ ಯಾವ ಕೋರ್ಟು ಬಾಗಿಲು ಮುಚ್ಚುತ್ತದೆ?

— ಸುಪ್ರೀಂ ಕೋರ್ಟೇ ಮುಚ್ಚಿದೆ. ಕಾಲ್ಟೆಕ್ಸ್ ಎಂಬ ತೈಲ ಕಂಪನಿಯ ಗುತ್ತಿಗೆಯಲ್ಲಿ, ಮುಂದುವರಿಸಬೇಕಾದರೆ ಅವಧಿ ಮುಗಿಯುವ ಎರಡು ತಿಂಗಳ ಮೊದಲೇ ಕೇಳಬೇಕು ಎಂಬ ಷರತ್ತಿತ್ತು. ಅವರು ತಡವಾಗಿ ಕೇಳಿದರು. ಬೇರೆ ವಿಷಯಗಳಲ್ಲಿ ಸ್ವಲ್ಪ ಹಿಂದುಮುಂದಾದರೆ ಕಾನೂನು ಸೈರಿಸಬಹುದು. ಆದರೆ ನವೀಕರಣದ ಆಯ್ಕೆ ಎನ್ನುವುದು ಮಾಲೀಕ ಕೊಟ್ಟ ವಿಶೇಷ ಸವಲತ್ತು, ಅದನ್ನು ಹೇಳಿದ ಗಡುವಿನೊಳಗೆ ಬಳಸಿಕೊಂಡರೆ ಮಾತ್ರ ಸಿಂಧು ಅಂತ ನ್ಯಾಯಾಲಯ ಹೇಳಿತು. 1960ರ ದಶಕದ ತೀರ್ಪು. ಅಷ್ಟು ದೊಡ್ಡ ಕಂಪನಿಗೆ, ವಕೀಲರ ಪಡೆಯೇ ಇದ್ದವರಿಗೆ ಹಾಗಾಯಿತು. ಅದಕ್ಕೇ ನನ್ನ ಪಟ್ಟಿಯಲ್ಲಿ ಮುಗಿಯುವ ದಿನಕ್ಕಿಂತ ನೋಟಿಸಿನ ಕೊನೆಯ ದಿನ ದೊಡ್ಡದು.

— ನೀನು ದಿನಾಂಕ ಅಂದಾಗ ನನಗೆ ಮೊದಲು ನೆನಪಾಗುವುದು 1973ರ ಫೆಬ್ರವರಿ 1.

— ಅದು ಬಾಡಿಗೆ ಕಾನೂನಿನ ದಿನಾಂಕ ಅಲ್ಲವೇ?

— ಹೌದು. ನಾನಾಗ ಮುಂಬಯಿಯ ಕೋಟೆ ಪ್ರದೇಶದ ಒಂದು ಹೋಟೆಲಿನಲ್ಲಿ ಹುಡುಗ. ಹಗಲು ಮೇಜು ಒರೆಸುವುದು, ಸಂಜೆ ಮೇಲೆ ಕನ್ನಡ ರಾತ್ರಿಶಾಲೆ. ಆ ವರ್ಷ 1947ರ ಬಾಂಬೆ ರೆಂಟ್ ಆಕ್ಟಿಗೆ 15-ಎ ಎಂಬ ಕಲಮು ಸೇರಿಸಿದರು. ಫೆಬ್ರವರಿ 1ರಂದು ಲೈಸೆನ್ಸ್ ಕರಾರು ಜಾರಿಯಲ್ಲಿದ್ದು, ಒಂದು ಕೋಣೆಗೆ ಕಡಿಮೆಯಿಲ್ಲದ ಜಾಗದಲ್ಲಿ ಯಾರು ಇದ್ದರೋ ಅವರು ಬಾಡಿಗೆದಾರರಾದರು, ಕಾನೂನಿನ ರಕ್ಷಣೆ ಸಿಕ್ಕಿತು. ಜನವರಿಯಲ್ಲಿ ಕರಾರು ಮುಗಿದು ಹಾಗೇ ಕೂತಿದ್ದವನಿಗೆ ಸಿಗಲಿಲ್ಲ. ಫೆಬ್ರವರಿ 2ಕ್ಕೆ ಬಂದವನಿಗೂ ಸಿಗಲಿಲ್ಲ. ಒಂದು ದಿನಾಂಕ ಈ ಊರಿನಲ್ಲಿ ಎಷ್ಟು ಕುಟುಂಬಗಳನ್ನು ಮೇಲೆತ್ತಿತು, ಎಷ್ಟು ಕುಟುಂಬಗಳನ್ನು ಹೊರಗಿಟ್ಟಿತು!

— ನಮ್ಮ ಹೋಟೆಲಿನವರಿಗೆ?

— ಅಲ್ಲೇ ಇರುವುದು ಸಂಕಟ. ನಮ್ಮವರಲ್ಲಿ ಬಹಳ ಜನ ಕಂಡಕ್ಟಿಂಗ್ ಮೇಲೆ ಇದ್ದವರು. ಹೋಟೆಲು ಇರಾನಿಯದ್ದೋ ಇನ್ಯಾರದ್ದೋ. ಲೈಸೆನ್ಸು ಅವರ ಹೆಸರಲ್ಲಿ, ಮೇಜು ಕುರ್ಚಿ ಅವರದು, ತಿಂಗಳಿಗೆ ಇಷ್ಟು ಅಂತ ಕೊಟ್ಟು ನಡೆಸುವವರು ನಾವು. ಇಡ್ಲಿ ಸಾಂಬಾರು ನಮ್ಮದು, ಬೋರ್ಡು ಅವರದು. ಕಾನೂನು ಲೈಸೆನ್ಸಿಯ ವ್ಯಾಖ್ಯೆ ಕೊಡುವಾಗ, ಮಾಲೀಕನ ನಡೆಯುತ್ತಿರುವ ವ್ಯಾಪಾರವನ್ನು ನಡೆಸಿಕೊಡುವವನನ್ನು ಹೆಸರಿಸಿಯೇ ಹೊರಗಿಟ್ಟಿತು. ಇದು ಜಾಗದ ಲೈಸೆನ್ಸೋ ವ್ಯಾಪಾರದ ಕಂಡಕ್ಟಿಂಗೋ ಅಂತ ಧೋಬಿ ತಲಾವಿನ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ವರ್ಷಗಟ್ಟಲೆ ಜಗಳ. ಮುನಿಸಿಪಾಲಿಟಿಯ ಲೈಸೆನ್ಸು ಯಾರ ಹೆಸರಲ್ಲಿ, ಲೈಟಿನ ಬಿಲ್ಲು ಯಾರ ಹೆಸರಲ್ಲಿ, ಪಾತ್ರೆ ಯಾರು ಕೊಂಡದ್ದು, ಎಲ್ಲವನ್ನೂ ಕೆದಕುತ್ತಿದ್ದರು. ಘಟ್ಟದ ಕೆಳಗಿನ ನಮ್ಮ ಜಿಲ್ಲೆಯಿಂದ ಬಂದವರು ಈ ಊರಿಗೆ ಅನ್ನ ಹಾಕಿದರು ಅಂತ ಸಭೆಗಳಲ್ಲಿ ಹೇಳುತ್ತಾರೆ, ಸಂತೋಷ. ಆದರೆ ಆ ಅಡುಗೆಮನೆಗಳಲ್ಲಿ ಎಷ್ಟು ನಮ್ಮ ಹೆಸರಲ್ಲಿದ್ದವು?

— ಅದಕ್ಕೇ ಪಟ್ಟಿಯ ಎರಡನೆಯ ಕಾಲಂನಲ್ಲಿ ಕರಾರಿನ ಬಗೆ ಬರೆಯುತ್ತೇನೆ. ಲೀವ್ ಎಂಡ್ ಲೈಸೆನ್ಸ್, ಕಂಡಕ್ಟಿಂಗ್, ಲೀಸ್, ಪಗಡಿ. ಒಂದೇ ದಿನಾಂಕ ಈ ನಾಲ್ಕಕ್ಕೂ ನಾಲ್ಕು ಥರದ ಪರಿಣಾಮ ತರುತ್ತದೆ. ಲೀಸ್ ಮುಗಿದ ಮೇಲೂ ಬಾಡಿಗೆ ಕೊಟ್ಟು, ಮಾಲೀಕ ಒಪ್ಪಿ ತೆಗೆದುಕೊಂಡರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 116ನೇ ಕಲಮಿನಂತೆ ಅದು ತಿಂಗಳಿಂದ ತಿಂಗಳಿಗೆ ಮುಂದುವರಿಯಲು ದಾರಿ ಇದೆ. ಲೈಸೆನ್ಸಿಗೆ ಅಂಥ ಆಸರೆ ಇಲ್ಲ. ದಿನ ಮುಗಿದರೆ ಜಾಗದಲ್ಲಿರುವ ಅನುಮತಿಯೇ ಮುಗಿಯಿತು. ವಾಸದ ಮನೆಯಾದರೆ 1999ರ ಮಹಾರಾಷ್ಟ್ರ ಬಾಡಿಗೆ ಕಾಯ್ದೆಯೇ ದುಪ್ಪಟ್ಟು ಹಣ ಕೊಡಿಸುತ್ತದೆ. ಅಂಗಡಿ ಹೋಟೆಲಿಗೆ ಆ ದುಪ್ಪಟ್ಟನ್ನು ಕರಾರಿನಲ್ಲೇ ಬರೆದುಬಿಡುತ್ತಾರೆ. ನಿಮ್ಮ ಸ್ಟೇಷನ್ ಹತ್ತಿರದ ಕರಾರಿನಲ್ಲೂ ಇದೆ.

— ಆಯಿತು, ತೋರಿಸು ನಿನ್ನ ಪಟ್ಟಿ.

— ಇದು ಎಕ್ಸೆಲ್ ಹಾಳೆ. ಎ ಕಾಲಂ ಜಾಗ, ಬಿ ಬಗೆ. ಸಿ ಅವಧಿ ಶುರುವಾದ ದಿನ. ಡಿ ಎಷ್ಟು ತಿಂಗಳು. ಇವಿಷ್ಟನ್ನೂ ಕಾಗದ ನೋಡಿ ಕೈಯಲ್ಲಿ ತುಂಬಬೇಕು. ಇ ಕಾಲಂನಲ್ಲಿ ಮುಗಿಯುವ ದಿನ. ಅದನ್ನು ನಾವು ಬರೆಯುವುದಿಲ್ಲ, ಸೂತ್ರ ಬರೆಯುತ್ತದೆ: =ಇಡೇಟ್(ಸಿ2,ಡಿ2)-1. ಇಡೇಟ್ ಎಂದರೆ ಈ ದಿನಾಂಕದಿಂದ ಇಷ್ಟು ತಿಂಗಳು ಮುಂದೆ ಹೋಗು ಅಂತ.

— ಒಂದು ಕಳೆದದ್ದು ಯಾಕೆ?

— 2022ರ ಏಪ್ರಿಲ್ 1ಕ್ಕೆ 60 ತಿಂಗಳು ಕೂಡಿಸಿದರೆ 2027ರ ಏಪ್ರಿಲ್ 1 ಬರುತ್ತದೆ. ಆದರೆ ಆ ದಿನ ನಿಮ್ಮದಲ್ಲ. ನಿಮ್ಮ ಕೊನೆಯ ದಿನ ಮಾರ್ಚ್ 31. ಒಂದು ಕಳೆಯದೆ ಬಿಟ್ಟರೆ ಪಟ್ಟಿಯೇ ನಿಮ್ಮನ್ನು ಒಂದು ದಿನ ಅನುಮತಿಯಿಲ್ಲದೆ ಅಲ್ಲಿ ಕೂರಿಸಿದಂತಾಗುತ್ತದೆ.

— ಕರಾರಿನಲ್ಲಿ ಮುಗಿಯುವ ದಿನವನ್ನು ಅಚ್ಚಾಗಿಯೇ ಬರೆದಿರುತ್ತಾರಲ್ಲ, ಅದನ್ನೇ ಹಾಕಿದರೆ?

— ಅದನ್ನೂ ಹಾಕುತ್ತೇನೆ, ಬೇರೆ ಕಾಲಂನಲ್ಲಿ. ಲೆಕ್ಕದ ದಿನ, ಕಾಗದದ ದಿನ ಎರಡೂ ಪಕ್ಕಪಕ್ಕ ಇರಲಿ. ಎರಡೂ ಒಂದೇ ಆದರೆ ನೆಮ್ಮದಿ. ಬೇರೆಯಾದರೆ ಕರಾರು ಬರೆದವರು ಎಲ್ಲೋ ಎಡವಿದ್ದಾರೆ ಅಂತ. 60 ತಿಂಗಳು ಅಂತ ಒಂದು ಕಡೆ, ಏಪ್ರಿಲ್ 1ರವರೆಗೆ ಅಂತ ಇನ್ನೊಂದು ಕಡೆ ಬರೆದ ಕರಾರುಗಳು ನಮ್ಮ ಆಫೀಸಿಗೆ ಬರುತ್ತಲೇ ಇರುತ್ತವೆ. ಅದನ್ನು ಜಗಳ ಬರುವ ಮೊದಲೇ ಸರಿಪಡಿಸಿಕೊಳ್ಳಬೇಕು.

— ಎಲ್ಲರದ್ದೂ 36, 60 ಅಂತಲೇ ಯಾಕೆ ಇರುತ್ತದೆ ಅಂತ ನಿನಗೆ ಗೊತ್ತೇ?

— ಗೊತ್ತು. ಮಹಾರಾಷ್ಟ್ರದ ಮುದ್ರಾಂಕ ಕಾಯ್ದೆಯಲ್ಲಿ ಲೀವ್ ಎಂಡ್ ಲೈಸೆನ್ಸಿಗೆ ಸ್ಟಾಂಪು ಸುಂಕ ಬಹಳ ಕಡಿಮೆ, ಶೇ. 0.25. ಆದರೆ 60 ತಿಂಗಳವರೆಗೆ ಮಾತ್ರ. ಅದನ್ನು ದಾಟಿದರೆ ಲೀಸಿನ ಲೆಕ್ಕಕ್ಕೆ ಹೋಗಿ ಸುಂಕ ಏರುತ್ತದೆ. ಹಾಗಾಗಿ ಮುಂಬಯಿಯ ಅಂಗಡಿಗಳ ಆಯುಷ್ಯ ಐದು ವರ್ಷದ ತುಂಡುಗಳಲ್ಲಿ ಸಾಗುತ್ತದೆ. ಬೆಂಗಳೂರಿನವರು 11 ತಿಂಗಳು ಅನ್ನುತ್ತಾರೆ, ವರ್ಷಕ್ಕಿಂತ ಕಡಿಮೆಯಾದರೆ ನೋಂದಣಿ ಬೇಡ ಅಂತ. ಇಲ್ಲಿ ಆ ಲಾಭವೇ ಇಲ್ಲ. ಬಾಡಿಗೆ ಕಾಯ್ದೆಯ 55ನೇ ಕಲಮಿನಂತೆ ಅವಧಿ ಎಷ್ಟೇ ಇರಲಿ ಬರೆದು ನೋಂದಾಯಿಸಬೇಕು, ಅದರ ಹೊಣೆ ಮಾಲೀಕನದು. ಮಾಡಿಸದಿದ್ದರೆ, ಷರತ್ತು ಹೀಗಿತ್ತು ಅಂತ ಬಾಡಿಗೆದಾರ ಹೇಳಿದ್ದನ್ನೇ, ತಪ್ಪೆಂದು ಸಾಬೀತಾಗುವವರೆಗೆ ನಂಬಬೇಕಾಗುತ್ತದೆ. ಆದರೂ ಹೊರಗಿನಿಂದ ಬಂದವರು 11ರ ಹಠ ಬಿಡುವುದಿಲ್ಲ.

— ನೋಟಿಸಿನ ದಿನದ ಸೂತ್ರ?

— ಎಫ್ ಕಾಲಂನಲ್ಲಿ ನೋಟಿಸು ಎಷ್ಟು ತಿಂಗಳು ಅಂತ. ಜಿ ಕಾಲಂ =ಇಡೇಟ್(ಇ2,-ಎಫ್2). ತಿಂಗಳಿಗೆ ಋಣ ಚಿಹ್ನೆ ಹಾಕಿದರೆ ಅದು ಹಿಂದಕ್ಕೆ ನಡೆಯುತ್ತದೆ. ಇದರಲ್ಲೊಂದು ನನಗೆ ಇಷ್ಟವಾದ ಗುಣವಿದೆ. ಜೂನ್ 30ರಿಂದ ಮೂರು ತಿಂಗಳು ಹಿಂದೆ ಹೋದರೆ ಅದು ಮಾರ್ಚ್ 30 ಅನ್ನುತ್ತದೆ, 31 ಅನ್ನುವುದಿಲ್ಲ. ತಿಂಗಳ ಕೊನೆಗೆ ಮುಗಿಯುವ ಕರಾರುಗಳಲ್ಲಿ ತಪ್ಪಿದರೂ ಒಂದರಿಂದ ಮೂರು ದಿನ ಮುಂಚಿನ ಕಡೆಗೇ ತಪ್ಪುತ್ತದೆ. ನೋಟಿಸಿನ ವಿಷಯದಲ್ಲಿ ಅಂಥ ತಪ್ಪು ನಮ್ಮನ್ನು ಕಾಯುತ್ತದೆ.

— ಆಮೇಲೆ ಬಣ್ಣ ಹಾಕುತ್ತೀಯಲ್ಲ, ಕೆಂಪು ಹಸಿರು?

— ಬಣ್ಣದ ಮೊದಲು ಒಂದು ಮಾತು ಬರೆಸುತ್ತೇನೆ: =ಇಫ್(ಜಿ2<ಟುಡೇ(),"ದಾಟಿತು",ಇಫ್(ಜಿ2-ಟುಡೇ()<=120,"ಮಾತಾಡಿ","ಸಮಯವಿದೆ")). ಟುಡೇ ಎನ್ನುವುದು ಕಡತ ತೆರೆದ ದಿನದ ತಾರೀಖನ್ನು ತಾನೇ ಹಾಕಿಕೊಳ್ಳುತ್ತದೆ. ಆ ಮಾತು ನೋಡಿಕೊಂಡು ಬಣ್ಣ ಬರುವಂತೆ ಮಾಡಬಹುದು, ಅದು ಸುಲಭ. ಹೆಚ್ಚು ಬಣ್ಣ ಬೇಡ. ಎಲ್ಲವೂ ಕೆಂಪಾದರೆ ಯಾರೂ ನೋಡುವುದಿಲ್ಲ.

— 120 ದಿನ ಯಾಕೆ?

— ನೋಟಿಸು ಕೊಡಲು ಒಂದು ದಿನ ಸಾಕು. ಕೊಡಬೇಕೋ ಬೇಡವೋ ತೀರ್ಮಾನಿಸಲು ನಾಲ್ಕು ತಿಂಗಳು ಬೇಕು. ಮಾಲೀಕನ ಜೊತೆ ಮಾತು, ಆಸುಪಾಸಿನಲ್ಲಿ ಬೇರೆ ಜಾಗ ಸಿಗುತ್ತದೋ ನೋಡುವುದು, ಬ್ಯಾಂಕಿಗೆ ಹೋಗುವುದು. ಅದೂ ಅಲ್ಲದೆ ಎಫ್‌ಎಸ್‌ಎಸ್‌ಎಐ ಲೈಸೆನ್ಸಿಗೆ ಜಾಗದ ಕರಾರು ತೋರಿಸಬೇಕು. ಮುನಿಸಿಪಾಲಿಟಿಯ ಕೆಲಸಕ್ಕೂ ಅದೇ ಕಾಗದ ಕೇಳುತ್ತಾರೆ. ಕರಾರು ಅಲುಗಾಡಿದರೆ ಅದರ ಮೇಲೆ ನಿಂತ ಎಲ್ಲವೂ ಅಲುಗಾಡುತ್ತವೆ.

— ತಾರೀಖು ತುಂಬುವುದು ಸುಲಭ ಅಂದುಕೊಂಡೆ. ಮೊನ್ನೆ ಕೌಂಟರಿನ ಹುಡುಗ ತುಂಬಿದ. ಕೆಲವು ಎಡಕ್ಕೆ ಅಂಟಿವೆ, ಕೆಲವು ಬಲಕ್ಕೆ. ಅದು ಹಾಗೇಕೆ?

— ನೀವು ಕಣ್ಣಿಟ್ಟದ್ದು ಸರಿಯಾದ ಜಾಗದಲ್ಲಿ. ಎಕ್ಸೆಲಿಗೆ ದಿನಾಂಕ ಎಂದರೆ ಬರೀ ಒಂದು ಸಂಖ್ಯೆ. 1900ರ ಜನವರಿ 1 ಅದಕ್ಕೆ 1. ಅಲ್ಲಿಂದ ದಿನಕ್ಕೊಂದರಂತೆ ಮುಂದುವರಿಯುವ ಅದರ ಎಣಿಕೆಯಲ್ಲಿ 2027ರ ಮಾರ್ಚ್ 31 ಎಂದರೆ 46477. ಸಂಖ್ಯೆಯಾದ್ದರಿಂದಲೇ ಕೂಡುವುದು ಕಳೆಯುವುದು ಸಾಧ್ಯ. ಸಂಖ್ಯೆಗಳು ಬಲಕ್ಕೆ ನಿಲ್ಲುತ್ತವೆ, ಅಕ್ಷರಗಳು ಎಡಕ್ಕೆ. ಎಡಕ್ಕೆ ಅಂಟಿದ ತಾರೀಖನ್ನು ಯಂತ್ರ ತಾರೀಖು ಅಂತ ಒಪ್ಪಿಲ್ಲ.

— ಒಂದೇ ಹುಡುಗ, ಒಂದೇ ರೀತಿ ಬರೆದ. ಕೆಲವನ್ನು ಒಪ್ಪಿ ಕೆಲವನ್ನು ಬಿಟ್ಟದ್ದು ಹೇಗೆ?

— ಆ ಕಂಪ್ಯೂಟರು ಅಮೆರಿಕದ ಕ್ರಮದಲ್ಲಿದೆ, ತಿಂಗಳು ಮೊದಲು, ದಿನ ಆಮೇಲೆ. ಹುಡುಗ 25/04/2026 ಅಂತ ಬರೆದ. 25ನೇ ತಿಂಗಳು ಇಲ್ಲವಲ್ಲ, ಹಾಗಾಗಿ ಅದನ್ನು ಅಕ್ಷರ ಅಂತ ಎಡಕ್ಕಿಟ್ಟಿತು. ಅದು ಕಣ್ಣಿಗೆ ಬೀಳುವ ತಪ್ಪು, ಭಯವಿಲ್ಲ. ಭಯ ಇರುವುದು ಬಲಕ್ಕೆ ನಿಂತದ್ದರಲ್ಲಿ. 03/04/2026 ಅಂತ ಅವನು ಏಪ್ರಿಲ್ 3 ಬರೆದರೆ ಯಂತ್ರ ಅದನ್ನು ಮಾರ್ಚ್ 4 ಅಂತ ಓದಿ, ಚೆನ್ನಾಗಿ ಬಲಕ್ಕೆ ನಿಲ್ಲಿಸುತ್ತದೆ. ನೋಡಲು ಎಲ್ಲ ಸರಿಯಾಗಿದೆ. ಇಡೀ ಪಟ್ಟಿಯಲ್ಲಿ ನಾನು ಅತ್ಯಂತ ಹೆದರುವುದು ಇದಕ್ಕೆ.

— ಪರಿಹಾರ?

— ಮೊದಲು ಕಂಪ್ಯೂಟರನ್ನು ಭಾರತದ ಕ್ರಮಕ್ಕೆ ತರುವುದು. ಆಮೇಲೆ ತಿಂಗಳು ಅಕ್ಷರದಲ್ಲಿ ಕಾಣುವಂತೆ ಮಾಡುವುದು, 3 ಏಪ್ರಿಲ್ 2026 ಅಂತ. ಆಗ ಮಾರ್ಚ್ ಅಂತ ಬಂದರೆ ಬರೆದವನಿಗೇ ತಕ್ಷಣ ತಿಳಿಯುತ್ತದೆ. ಕೊನೆಗೆ, ತುಂಬಿದವನು ಬೇರೆ, ಕಾಗದ ಹಿಡಿದು ಓದಿ ಹೇಳುವವನು ಬೇರೆ ಇರಬೇಕು. ಬ್ಯಾಂಕಿನಲ್ಲಿ ಒಬ್ಬ ಬರೆದದ್ದನ್ನು ಇನ್ನೊಬ್ಬ ನೋಡಿ ಸಹಿ ಹಾಕುವುದಿಲ್ಲವೇ? ಸೂತ್ರ ಸರಿಯಿದ್ದು ತಾರೀಖು ತಪ್ಪಿದ್ದರೆ ಉತ್ತರ ಬಹಳ ವಿಶ್ವಾಸದಿಂದ ತಪ್ಪು ಬರುತ್ತದೆ.

— ಸಾಯನಿನ ಸಾಲಿನಲ್ಲಿ ಬರೀ ಜಾಲರಿ ಗುರುತು (####) ಬಂದಿದೆ.

— ಪಗಡಿಗೆ ಶುರುವಿನ ದಿನವನ್ನೂ ತಿಂಗಳನ್ನೂ ನಾವು ತುಂಬಿಲ್ಲ. ಖಾಲಿ ಎಂದರೆ ಸೊನ್ನೆ ಅಂತ ಅದು ತಿಳಿದು, ಒಂದು ಕಳೆದು, ಇಲ್ಲದ ದಿನಾಂಕಕ್ಕೆ ಹೋಗಿದೆ. ಸಿ ಖಾಲಿ ಇದ್ದರೆ ನೀನೂ ಖಾಲಿ ಇರು ಅಂತ ಸೂತ್ರದ ಮುಂದೆ ಒಂದು ಇಫ್ ಸೇರಿಸಿದರಾಯಿತು. ಆದರೆ ಆ ಸಾಲನ್ನು ಅಳಿಸಬೇಡಿ. ಪಗಡಿ ಬಾಡಿಗೆಯನ್ನು ಮಾಲೀಕ ವರ್ಷಕ್ಕೆ ಶೇ. 4 ಏರಿಸಬಹುದು ಅಂತ 1999ರ ಕಾಯ್ದೆಯಲ್ಲಿದೆ, ಅದನ್ನು ಅಲ್ಲೇ ಲೆಕ್ಕ ಹಾಕಬಹುದು.

— ಏರಿಕೆಯ ಲೆಕ್ಕ ಸ್ಟೇಷನ್ ಹತ್ತಿರದ್ದಕ್ಕೂ ಬೇಕು. ಒಂದು ಲಕ್ಷಕ್ಕೆ ಶುರುವಾದದ್ದು, ವರ್ಷಕ್ಕೆ ಶೇ. 5.

— ಡೇಟೆಡಿಫ್ ಎಂಬ ಸೂತ್ರ ಪೂರ್ತಿಯಾದ ವರ್ಷ ಎಷ್ಟು ಅಂತ ಎಣಿಸುತ್ತದೆ. ನಿಮ್ಮದಕ್ಕೆ ಮೂರು ವರ್ಷ ತುಂಬಿದೆ, ನಾಲ್ಕನೆಯದು ನಡೆಯುತ್ತಿದೆ. ಒಂದು ಲಕ್ಷವನ್ನು 1.05ರಿಂದ ಮೂರು ಸಲ ಗುಣಿಸಿದರೆ 1,15,762 ರೂಪಾಯಿ 50 ಪೈಸೆ. ಅದರ ಮೇಲೆ ಜಿಎಸ್‌ಟಿ ಶೇ. 18 ಸೇರಿದರೆ ಸುಮಾರು 1,36,600.

— ಆ ಜಿಎಸ್‌ಟಿ ವಾಪಸು ಬರುವುದಿಲ್ಲ.

— ಬರುವುದಿಲ್ಲ. ಹೋಟೆಲು ಗಿರಾಕಿಯಿಂದ ಶೇ. 5 ತೆಗೆದುಕೊಳ್ಳುತ್ತದೆ, ಅದಕ್ಕೆ ಪ್ರತಿಯಾಗಿ ಕೊಟ್ಟ ತೆರಿಗೆಯ ಜಮಾ ಪಡೆಯುವಂತಿಲ್ಲ. ಹಾಗಾಗಿ ನಿಮಗೆ ನಿಜವಾದ ಬಾಡಿಗೆ 1,36,600 ರೂಪಾಯಿಯೇ. ಮಾಲೀಕ ನೋಂದಣಿಯಿಲ್ಲದವನಾದರೂ 2024ರ ಅಕ್ಟೋಬರ್ 10ರಿಂದ ನೋಂದಾಯಿತ ವ್ಯಾಪಾರಿಯೇ ಆ ತೆರಿಗೆ ಕಟ್ಟಬೇಕು. ಜಾಗ ಉಳಿಸಿಕೊಳ್ಳಬೇಕೇ ಅಂತ ಯೋಚಿಸುವಾಗ ಈ ಅಂಕಿ ಎದುರಿಗಿರಬೇಕು, ಕರಾರಿನಲ್ಲಿ ಬರೆದ ಅಂಕಿ ಅಲ್ಲ.

— ನನಗೆ ಬೇಕಾದ ಲೆಕ್ಕ ಇನ್ನೊಂದಿದೆ. ಸ್ಟೇಷನ್ ಹತ್ತಿರದ ಅಡುಗೆಮನೆ ಹಳತಾಗಿದೆ. ಚಿಮಣಿ, ಸ್ಟೀಮರು, ಮೋರಿ, ಎಲ್ಲ ತೆಗೆದು ಹೊಸದು ಮಾಡಲು 12 ಲಕ್ಷ ಅಂದಿದ್ದಾರೆ. ಹುಡುಗರು ಆ ಬೇಗೆಯಲ್ಲಿ ನಿಂತು ದುಡಿಯುವುದು ನೋಡಲಾಗುವುದಿಲ್ಲ. ಮಾಡಿಸಲೋ ಬಿಡಲೋ?

— ಇದು ಈ ಪಟ್ಟಿ ಉತ್ತರಿಸಬೇಕಾದ ಪ್ರಶ್ನೆ. ಇವತ್ತಿನಿಂದ ಇ ಕಾಲಂನ ದಿನದವರೆಗೆ ಎಣಿಸಿದರೆ 16 ತಿಂಗಳು ಉಳಿದಿದೆ. 12 ಲಕ್ಷವನ್ನು 16ರಿಂದ ಭಾಗಿಸಿ: ತಿಂಗಳಿಗೆ 75,000. ನಿಮ್ಮ 1,36,600ರ ಮೇಲೆ ಇನ್ನೂ 75,000 ಕೊಟ್ಟ ಹಾಗೆ. ಇನ್ನು 60 ತಿಂಗಳು ಮುಂದುವರಿಯುತ್ತದೆ ಅಂತ ಗಟ್ಟಿಯಾದರೆ ಒಟ್ಟು 76 ತಿಂಗಳು, ತಿಂಗಳಿಗೆ 15,800ಕ್ಕಿಂತ ಕಡಿಮೆ. ಅದೇ ಚಿಮಣಿ, ಅದೇ ದುಡ್ಡು.

— ಹಾಗಾದರೆ ನವೀಕರಣ ಮೊದಲು, ಅಡುಗೆಮನೆ ಆಮೇಲೆ.

— ಹೌದು. ಅದಕ್ಕಾಗಿ ಸೆಪ್ಟೆಂಬರಿನವರೆಗೆ ಕಾಯಬೇಕಿಲ್ಲ, ಮಾತು ಈಗಲೇ ಶುರುಮಾಡಬಹುದು. ಜಾಗಕ್ಕೆ 12 ಲಕ್ಷ ಹಾಕುತ್ತೇನೆ ಅಂತ ಹೇಳುವ ಮನುಷ್ಯನನ್ನು ಯಾವ ಮಾಲೀಕನೂ ಹಗುರವಾಗಿ ಕಳಿಸುವುದಿಲ್ಲ. ಹುಡುಗರು ಇನ್ನೂ 16 ತಿಂಗಳು ಬೇಗೆಯಲ್ಲಿ ನಿಲ್ಲುವುದು ತಪ್ಪಬೇಕಾದರೂ ಅದೇ ದಾರಿ.

— ಈಗ ನನ್ನ ಮನಸ್ಸಿನಲ್ಲಿರುವುದನ್ನು ಹೇಳುತ್ತೇನೆ. ಆ ಮಾಲೀಕರು ಸಿಂಧಿಗಳು. ದೇಶ ಒಡೆದಾಗ ಬರಿಗೈಲಿ ಬಂದು ಇಲ್ಲಿ ಚೆಂಬೂರು ಕ್ಯಾಂಪಿನಲ್ಲಿ ನೆಲೆ ಕಂಡ ಕುಟುಂಬ. ನಾವೂ ಘಟ್ಟದ ಕೆಳಗಿಂದ ಬರಿಗೈಲಿ ಬಂದವರೇ. ಒಬ್ಬರಿಗೊಬ್ಬರು ಅರ್ಥವಾಗುತ್ತಿತ್ತು. 2020ರ ಮಾರ್ಚಿನಲ್ಲಿ ಶಟರು ಎಳೆದವರು ಕೂತು ಊಟಮಾಡುವ ಗಿರಾಕಿಯನ್ನು ಮತ್ತೆ ನೋಡಿದ್ದು ಅಕ್ಟೋಬರ್ 5ಕ್ಕೆ, ಅದೂ ಅರ್ಧ ಕುರ್ಚಿಗಳಲ್ಲಿ. ಅಷ್ಟು ದಿನ ಆ ಹಿರಿಯರು ಬಾಡಿಗೆಯ ಮಾತೇ ಎತ್ತಲಿಲ್ಲ. ಅಂಥವರಿಗೆ ತಾರೀಖು ನೋಡಿ ನೋಟಿಸು ಕಳಿಸುವುದು ನನ್ನಿಂದಾಗುವ ಕೆಲಸವಲ್ಲ.

— ಅವರು ಈಗ ಇದ್ದಾರೆಯೇ?

— ಇಲ್ಲ. ಹೋದ ವರ್ಷ ತೀರಿಕೊಂಡರು.

— ಜಾಗ ಈಗ ಯಾರ ಹೆಸರಿನಲ್ಲಿದೆ?

— ಮಕ್ಕಳಿರಬೇಕು. ಒಬ್ಬ ದುಬೈಯಲ್ಲಿ. ಮಗಳು ಪುಣೆ. ಬಾಡಿಗೆ ಹಳೆಯ ಖಾತೆಗೇ ಹೋಗುತ್ತಿದೆ.

— ಮಾವ, 2020ರಲ್ಲಿ ನಡೆದದ್ದು ದೊಡ್ಡ ಮಾತು, ಅದು ಯಾವ ಕಾಲಂಗೂ ಬರುವುದಿಲ್ಲ. ಆದರೆ ಆ ಪ್ರೀತಿ ಅವರೊಬ್ಬರ ಜೊತೆ ಇತ್ತು. ಮಕ್ಕಳಿಗೆ ಗೊತ್ತಿರುವುದು ಕಾಗದ ಮಾತ್ರ. 1882ರ ಈಸ್‌ಮೆಂಟ್ಸ್ ಕಾಯ್ದೆಯ 59ನೇ ಕಲಮು ನೋಡಿ: ಲೈಸೆನ್ಸು ಕೊಟ್ಟವನು ಆಸ್ತಿಯನ್ನು ಇನ್ನೊಬ್ಬರಿಗೆ ಮಾರಿದರೆ, ಕೊಂಡವನು ಆ ಲೈಸೆನ್ಸಿಗೆ ತನ್ನಷ್ಟಕ್ಕೆ ಬದ್ಧನಲ್ಲ. ಲೀಸಿದ್ದರೆ ಅದು ಜಾಗದ ಜೊತೆ ಹೋಗುತ್ತಿತ್ತು. ಹಾಗಾಗಿ ಇವತ್ತಿನ ಮಾಲೀಕರು ಯಾರು, ಅದನ್ನು ಯಾವಾಗ ವಿಚಾರಿಸಿದೆವು, ಈ ಎರಡು ಕಾಲಂ ಬೇಕು. ಇದನ್ನು ಯಾವ ಸೂತ್ರವೂ ತುಂಬಿಕೊಡುವುದಿಲ್ಲ. ನೀವೇ ಹೋಗಿ ಮಾತಾಡಿಸಿ ಬರಬೇಕು.

— ಅಂದರೆ ನನ್ನ ಕ್ರಮವನ್ನೇ ನೀನು ತಾರೀಖಿಗೆ ಕಟ್ಟಿದ ಹಾಗಾಯಿತು.

— ಹೌದು. ನೋಟಿಸು ಮೊದಲ ಮಾತಾದರೆ ಅವಮಾನ. ಎದುರು ಕೂತು ಮಾತಾಡಿದ್ದನ್ನು ಬರೆದು ಕೊಡುವ ಪತ್ರವಾದರೆ ಅವಮಾನವೇನಿಲ್ಲ. ಆ ನಾಲ್ಕು ತಿಂಗಳು ಇರುವುದೇ ನೀವು ಮಿಠಾಯಿ ತೆಗೆದುಕೊಂಡು ಮನೆಗೆ ಹೋಗಿಬರಲಿ ಅಂತ.

— ಇನ್ನೊಂದಿದೆ, ಅದನ್ನೂ ಸೇರಿಸು. ಕಟ್ಟಡವೇ ಹೋದರೆ? ತಿಲಕ್‌ನಗರ ನೋಡು, ಸರ್ಕಾರಿ ವಸತಿ ಮಂಡಳಿ ಮ್ಹಾಡಾದ ಸಣ್ಣ ಕಟ್ಟಡಗಳಿದ್ದಲ್ಲಿ ಎಷ್ಟೆಷ್ಟು ಎತ್ತರದ ಟವರುಗಳು. ರಾಜ್ ಕಪೂರ್ 1948ರಲ್ಲಿ ಕಟ್ಟಿದ ಆರ್.ಕೆ. ಸ್ಟುಡಿಯೊ 2017ರಲ್ಲಿ ಸುಟ್ಟಿತು, 2019ರಲ್ಲಿ ಬಿಲ್ಡರ ಕಂಪನಿಗೆ ಮಾರಾಟವಾಯಿತು. ಫ್ರೀವೇ, ಸಾಂತಾಕ್ರೂಜ್ ಲಿಂಕ್ ರೋಡು, ಮೋನೊರೈಲು ಬಂದಮೇಲೆ ಚೆಂಬೂರಿನ ನೆಲದ ಬೆಲೆಯೇ ಬೇರೆ. ಹಳೆಯ ಸೊಸೈಟಿಗಳೆಲ್ಲ ರಿಡೆವಲಪ್‌ಮೆಂಟಿನ ಮೀಟಿಂಗು ಮಾಡುತ್ತಿವೆ.

— ಆಗ ಅಂಗಡಿಜಾಗದ ಮಾಲೀಕನಿಗೆ ಹೊಸ ಜಾಗ ಸಿಗುತ್ತದೆ. ಪಗಡಿಯವನಿಗೂ ಹಕ್ಕಿದೆ. ಲೈಸೆನ್ಸಿನ ಮೇಲೆ ಐದು ವರ್ಷದಿಂದ ದೋಸೆ ಹುಯ್ದವನಿಗೆ ಬಿಲ್ಡರನಿಂದ ಏನೂ ಬರುವುದಿಲ್ಲ, ಕರಾರಿನಲ್ಲಿ ಬರೆಸಿಕೊಂಡಿದ್ದರೆ ಹೊರತು. ಕಟ್ಟಡ ಕೆಡವಲು ಸೊಸೈಟಿ ಒಪ್ಪಿದರೆ ಇಷ್ಟು ದಿನದಲ್ಲಿ ಖಾಲಿ ಮಾಡಬೇಕು ಎಂಬ ಷರತ್ತು ಈಗ ಬಹಳ ಕರಾರುಗಳಲ್ಲಿ ಇರುತ್ತದೆ. ನಿಮ್ಮ ಕ್ಯಾಂಪಿನ ಕರಾರಿನಲ್ಲಿ 90 ದಿನ ಅಂತಿದೆ. ಅಂದರೆ ಅಲ್ಲಿ 2028ರವರೆಗೆ ಅಂತ ನೀವು ಎಣಿಸುತ್ತಿರುವುದು ನಿಜಕ್ಕೂ 90 ದಿನವೇ.

— ಆ ಕಾಲಂಗೆ ಏನು ಹೆಸರಿಡುತ್ತೀ?

— ಸೊಸೈಟಿಯ ಕೊನೆಯ ಮೀಟಿಂಗು ಅಂತ. ಪ್ರತಿ ತಿಂಗಳು ಸೆಕ್ರೆಟರಿಯನ್ನು ಕೇಳಿ ಒಂದು ಸಾಲು ಬರೆಯಬೇಕು.

— ಲಾಕ್-ಇನ್?

— ಅದಕ್ಕೂ ಒಂದು ದಿನಾಂಕ, ಅದೇ ಇಡೇಟ್. ಆ ದಿನಕ್ಕಿಂತ ಮುಂಚೆ ಜಾಗ ಬಿಟ್ಟರೂ ಅಲ್ಲಿಯವರೆಗೆ ಉಳಿದ ತಿಂಗಳ ಬಾಡಿಗೆ ಕೊಡಬೇಕು. 2020ರಲ್ಲಿ ಎಷ್ಟೋ ಹೋಟೆಲಿನವರಿಗೆ ನಷ್ಟದಲ್ಲಿ ನಡೆಸುವುದೋ ಬಿಡುವುದೋ ಎಂಬ ಪ್ರಶ್ನೆ ಬಂದಾಗ ಉತ್ತರ ನಿಂತಿದ್ದದ್ದು ಆ ದಿನಾಂಕದ ಮೇಲೆ. ಅದು ಗೊತ್ತಿದ್ದವರು ಮಾಲೀಕನ ಮುಂದೆ ಲೆಕ್ಕ ಇಟ್ಟು ಮಾತಾಡಿದರು.

— ಗೋವಂಡಿ ರಸ್ತೆಯ ಕಾಗದ ತಂದೆ. ಓದುತ್ತೇನೆ, ನೀನು ತುಂಬು. 2023ರ ಜುಲೈ 1ರಿಂದ. 36 ತಿಂಗಳು. ನೋಟಿಸು ಮೂರು ತಿಂಗಳು. ಲೀವ್ ಎಂಡ್ ಲೈಸೆನ್ಸ್.

— ಇ ಕಾಲಂ 2026ರ ಜೂನ್ 30. ಜಿ ಕಾಲಂ ಮಾರ್ಚ್ 30. ಇವತ್ತಿನಿಂದ 119 ದಿನ. ಸಾಲು "ಮಾತಾಡಿ" ಅನ್ನುತ್ತಿದೆ.

— ಅದು ಎಲ್ಲಕ್ಕಿಂತ ಮೊದಲು ಬರುತ್ತದೆ ಅಂತ ಗೊತ್ತೇ ಇರಲಿಲ್ಲ. ದಿನಾ ಸ್ಟೇಷನ್ ಹತ್ತಿರದ್ದನ್ನೇ ಯೋಚಿಸುತ್ತಿದ್ದೆ.

— ಅದು ದೊಡ್ಡ ಹೋಟೆಲು, ಮನಸ್ಸು ಅಲ್ಲೇ ಇರುತ್ತದೆ. ಪಟ್ಟಿಗೆ ದೊಡ್ಡದು ಸಣ್ಣದು ಇಲ್ಲ. ಜಿ ಕಾಲಂ ಹಿಡಿದು ಸಾಲುಗಳನ್ನು ಜೋಡಿಸಿದರೆ ಗೋವಂಡಿ ರಸ್ತೆ ಮೇಲೆ ಬಂದು ಕೂರುತ್ತದೆ.

— ಆದರೆ ಇದನ್ನು ತೆರೆದು ನೋಡುವವರು ಯಾರು? ನಾನು ಕಂಪ್ಯೂಟರು ಮುಟ್ಟುವವನಲ್ಲ. ನೀನು ಆಫೀಸಿಗೆ ಹೋಗುವವಳು.

— ಅದು ನಿಜವಾದ ತೊಂದರೆ. ತೆರೆಯದ ಕಡತದಲ್ಲಿ ಟುಡೇ ಮಲಗಿರುತ್ತದೆ. ಅದು ಯಾರಿಗೂ ಕೂಗಿ ಹೇಳುವುದಿಲ್ಲ. ಹಾಗಾಗಿ ಸಂಬಳದ ದಿನಕ್ಕೆ ಕಟ್ಟೋಣ. ಪ್ರತಿ ತಿಂಗಳು ಸಂಬಳದ ಪಟ್ಟಿ ತೆಗೆಯುವಾಗ ಮ್ಯಾನೇಜರು ಇದನ್ನೂ ತೆರೆದು ಒಂದು ಪ್ರತಿ ಅಚ್ಚು ಹಾಕಿ ನಿಮ್ಮ ಕೈಗೆ ಕೊಡಲಿ. ಜಿ ಕಾಲಂನ ದಿನಗಳನ್ನು ನಿಮ್ಮ ಫೋನಿನ ಕ್ಯಾಲೆಂಡರಿಗೂ, ನನ್ನದಕ್ಕೂ, ಮಸ್ಕತ್ತಿನಲ್ಲಿರುವ ಅಣ್ಣನದಕ್ಕೂ ಹಾಕುತ್ತೇನೆ. ಮೂವರಲ್ಲಿ ಒಬ್ಬರು ಎಚ್ಚರವಿದ್ದರೆ ಸಾಕು.

— ಗೋವಂಡಿ ರಸ್ತೆಯ ಮಾಲೀಕರು ಘಾಟ್ಲಾದಲ್ಲಿದ್ದಾರೆ, ನಮ್ಮ ಕನ್ನಡ ಸಂಘದ ಶಾಲೆಯಿಂದ ಸ್ವಲ್ಪವೇ ದೂರ. ಈ ಭಾನುವಾರ ಹೋಗುತ್ತೇನೆ. ಏನು ಕೇಳಲಿ?

— 36 ಬೇಡ, 60 ತಿಂಗಳು ಕೇಳಿ. ಬಾಡಿಗೆ 80,000, ಡಿಪಾಸಿಟ್ 5 ಲಕ್ಷ ಇರಲಿ ಅಂದರೆ ಸ್ಟಾಂಪಿನ ಲೆಕ್ಕ ಹೀಗೆ: 60 ತಿಂಗಳ ಬಾಡಿಗೆ 48 ಲಕ್ಷ. ಡಿಪಾಸಿಟ್ ಮೇಲೆ ವರ್ಷಕ್ಕೆ ಶೇ. 10ರಂತೆ ಐದು ವರ್ಷಕ್ಕೆ ಎರಡೂವರೆ ಲಕ್ಷ. ಒಟ್ಟು 50,50,000ಕ್ಕೆ ಶೇ. 0.25, ಅಂದರೆ 12,625 ರೂಪಾಯಿ. ವರ್ಷದ ಏರಿಕೆ ಸೇರಿದರೆ ಸ್ವಲ್ಪ ಹೆಚ್ಚು. ನೋಂದಣಿಗೆ ಸಾವಿರ. ಅದನ್ನು ನಾವೇ ಕೊಡುತ್ತೇವೆ ಅನ್ನಿ.

— ಲಾಕ್-ಇನ್?

— ಅವರು ಮೂರು ವರ್ಷ ಕೇಳಿದರೆ ಒಪ್ಪಿ, ಆದರೆ ಎರಡೂ ಕಡೆಗೆ ಇರಲಿ. ನಾವು ಬಿಡುವಂತಿಲ್ಲ, ಅವರು ಬಿಡಿಸುವಂತಿಲ್ಲ. ಮಾರಿದರೆ ಕೊಂಡವರೂ ಈ ಕರಾರನ್ನು ಒಪ್ಪಿಕೊಳ್ಳುವಂತೆ ಮಾಡುವ ಹೊಣೆ ತಮ್ಮದು ಅಂತ ಅವರಿಂದ ಬರೆಸಿ. ಸೊಸೈಟಿ ಕೆಡವಿದರೆ 90 ಅಲ್ಲ, 180 ದಿನ ಬೇಕು ಅನ್ನಿ.

— ಇಷ್ಟೆಲ್ಲ ಒಪ್ಪುತ್ತಾರೆಯೇ?

— ಎಲ್ಲ ಒಪ್ಪಲಿಕ್ಕಿಲ್ಲ. ಆದರೆ ಒಪ್ಪದೆ ಹೋದರೂ ಇನ್ನೊಂದು ಸಲ ಹೋಗಲು, ಬೇರೆ ಜಾಗ ನೋಡಲು ನಿಮಗೆ 119 ದಿನ ಇದೆ. ಜೂನ್ ತಿಂಗಳಲ್ಲಿ ಹೋದರೆ ಅವರು ಹೇಳಿದ್ದಕ್ಕೆ ಸಹಿ ಹಾಕಿ ಬರಬೇಕಾಗುತ್ತದೆ.

— ಆ ನೋಟಿಸಿನ ಪತ್ರವನ್ನೂ ಈಗಲೇ ಬರೆದಿಡು. ಕನ್ನಡದಲ್ಲಿ ಒಂದು ನನಗೆ, ಇಂಗ್ಲಿಷಿನಲ್ಲಿ ಒಂದು ಅವರಿಗೆ. ತಾರೀಖಿನ ಜಾಗ ಖಾಲಿ ಬಿಡು, ಮಾತು ಮುಗಿದ ಮೇಲೆ ತುಂಬುತ್ತೇನೆ.

— ಖಾಲಿ ಬಿಡುವುದಿಲ್ಲ. ಮಾರ್ಚ್ 1 ಅಂತ ಹಾಕುತ್ತೇನೆ. ಅಷ್ಟರಲ್ಲಿ ಮಾತು ಮುಗಿಯದಿದ್ದರೂ ಪತ್ರ ಹೋಗಲಿ. ಪ್ರತಿಯ ಮೇಲೆ ಅವರ ಸಹಿ ತೆಗೆದುಕೊಂಡು ಬನ್ನಿ, ಅದನ್ನು ಕಾಗದದ ಜೊತೆ ಕಪಾಟಿನಲ್ಲಿಟ್ಟು, ಕೊಟ್ಟ ದಿನವನ್ನು ಆ ಸಾಲಿನಲ್ಲಿ ಬರೆಯೋಣ.